ಕುರುಗೋಡು ಬೆಟ್ಟದ ಬುಡದಲ್ಲಿ ನಿಂತವಳು

ಮಾಸುಮಾಬಿ ಆ ಹೆಂಗಸನ್ನು ಮೊದಲು ಕಂಡದ್ದು ಕುರುಗೋಡು ಬೆಟ್ಟದ ಬುಡದಲ್ಲಿ. ಹಾಗಂತ ಅವಳೇನೂ ಕುರುಗೋಡಿಗೆ ಹೋಗಿರಲಿಲ್ಲ. ಬಳ್ಳಾರಿಯ ಕಂಟೋನ್ಮೆಂಟಿನ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಅಂಗಳದಲ್ಲಿ, ಮಗಳು ಕುಬ್ರಾಳನ್ನು ಸೊಂಟದ ಮೇಲಿಟ್ಟುಕೊಂಡು ಪಟದ ಚೌಕಟ್ಟನ್ನು ಬಿಸಿಲಿಗೆ ತಿರುಗಿಸುತ್ತಿದ್ದಳು.

ಅವಳ ಗಂಡ ಇಮಾಮಸಾಬ್ ಪಟ ತೆಗೆಯುವವನು. ದಂಡಿನ ಸೋಜರರು, ದೊರೆಗಳು, ಮದುವೆಯಾದ ಶೆಟ್ಟರು ಬಂದು ಅವನ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದರು. ಈ ವರ್ಷ ಸ್ವದೇಶಕ್ಕೆ ಹೊರಟಿದ್ದ ಒಬ್ಬ ದೊರೆ ಬೇರೆಯದೇ ಕೆಲಸ ಹೇಳಿದ್ದ. ಬಳ್ಳಾರಿ ಎಂದರೆ ಬರೀ ಬೆಂಕಿ ಎಂದು ಅವನ ಊರಿನವರು ತಿಳಿದಿದ್ದಾರಂತೆ; ಇಲ್ಲಿನ ಚಳಿಗಾಲ ಹೇಗಿರುತ್ತದೆಂದು ಅವರಿಗೆ ತೋರಿಸಬೇಕಂತೆ. ಹಾಗಾಗಿ ಇಮಾಮಸಾಬ್ ಪುಷ್ಯಮಾಸವಿಡೀ ಹುಲುಗಪ್ಪನ ಬಾಡಿಗೆ ಎತ್ತಿನ ಗಾಡಿಯಲ್ಲಿ ಕ್ಯಾಮೆರಾ ಹೇರಿಕೊಂಡು ಅಲೆದ. ಬೆಳಿಗ್ಗೆ ಮಂಜು, ಹೊತ್ತೇರಿದರೆ ಬಿಸಿಲು, ಊಟದ ಹೊತ್ತಿಗೆ ಮೋಡ, ಹೊತ್ತಲ್ಲದ ಹೊತ್ತಿನಲ್ಲಿ ತುಂತುರು. ಆ ಸಲದ ಹವೆಯೇ ಹಾಗಿತ್ತು. ಬಿಸಿಲು ಮೂಡುವ ಗಳಿಗೆಗಾಗಿ ಅರ್ಧ ದಿನ ಕಾಯುತ್ತಿದ್ದೆ ಎಂದು ಮನೆಗೆ ಬಂದು ಹೇಳುತ್ತಿದ್ದ.

ಕ್ಯಾಮೆರಾದಲ್ಲಿ ಚಿತ್ರ ಹಿಡಿದು ಅವನು ತಂದ ಗಾಜುಗಳನ್ನು ಕಾಗದಕ್ಕಿಳಿಸುವುದು ಮಾಸುಮಾಬಿಯ ಕೆಲಸ. ಕೋಳಿಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು, ಕಾಗದಕ್ಕೆ ಹಚ್ಚಿ ಒಣಗಿಸಿ, ಮೇಲೆ ಬೆಳ್ಳಿಯ ಮದ್ದು ಹಾಕಿ, ಗಾಜಿನ ಕೆಳಗಿಟ್ಟು, ಪಟಕ್ಕೆ ಕೆಂಗಂದು ಬಣ್ಣ ಬರುವ ತನಕ ಬಿಸಿಲಿಗೊಡ್ಡಬೇಕು. ಆ ಮದ್ದಿನಿಂದ ಅವಳ ಬೆರಳ ತುದಿಗಳು ಸದಾ ಕಪ್ಪು. ಉಳಿದ ಹಳದಿಯನ್ನು ನಾದಿನಿ ಶಹಜಾದಿ ಈರುಳ್ಳಿ ಹಾಕಿ ಹುರಿದು ಓಣಿಯ ಮಕ್ಕಳಿಗೆಲ್ಲ ಹಂಚುತ್ತಿದ್ದಳು.

ಅಂದು ಬಿಸಿಲಲ್ಲಿ ಮೊದಲು ಬೆಟ್ಟದ ಅಂಚು ಮೂಡಿತು. ಆಮೇಲೆ ಬಂಡೆಗಳು, ಜೋಳದ ಹೊಲ. ಕೊನೆಗೆ ಬಂಡೆಯ ಬುಡದಲ್ಲಿ ಒಬ್ಬ ಹೆಂಗಸು. ಪಟದಲ್ಲಿ ಒಬ್ಬ ಮನುಷ್ಯ ನಿಂತಿರದಿದ್ದರೆ ಬೆಟ್ಟವೂ ಒಂದೇ, ಕಲ್ಲುಗುಂಡೂ ಒಂದೇ ಎಂದು ಗಂಡ ಹೇಳಿದ್ದು ಅವಳಿಗೆ ಗೊತ್ತು. ಆದರೆ ಅವನು ಕುರಿಯವರನ್ನೋ ದಾರಿಹೋಕರನ್ನೋ ನಿಲ್ಲಿಸುತ್ತಿದ್ದ. ಇವಳು ಎಡಗಾಲ ಮೇಲೆ ಭಾರ ಹಾಕಿ, ಸೊಂಟದ ಮೇಲೆ ಕೈಯಿಟ್ಟು, ನೇರವಾಗಿ ಕ್ಯಾಮೆರಾವನ್ನೇ, ಅಂದರೆ ಮಾಸುಮಾಬಿಯ ಗಂಡನನ್ನೇ, ನೋಡುತ್ತಿದ್ದಳು.

ಮರುದಿನ ಸಿರುಗುಪ್ಪದ ಹೊಳೆದಂಡೆಯ ಗಾಜು ಇಳಿಸಿದಳು. ನೀರಿನ ಮೇಲೆ ಮಂಜು, ದಂಡೆಯಲ್ಲಿ ಅದೇ ಹೆಂಗಸು. ಅದೇ ಎಡಗಾಲು, ಅದೇ ಸೊಂಟದ ಕೈ.

"ಭಾಬಿ, ಕುರುಗೋಡು ಎಲ್ಲಿ, ಸಿರುಗುಪ್ಪ ಎಲ್ಲಿ? ಆಕಿಗೇನು ರೆಕ್ಕಿ ಅದಾವೇನು ಹಾರಿ ಹೋಗಾಕ?" ಎಂದಳು ಶಹಜಾದಿ.

"ಗಾಡ್ಯಾಗ ಕುಂತು ಹೋಗಿರ್ತಾಳ."

"ನಮ್ಮಣ್ಣನ ಗಾಡ್ಯಾಗ?"

"ಮತ್ಯಾರ ಗಾಡ್ಯಾಗ?"

ಶಹಜಾದಿ ಪಟವನ್ನು ಕಣ್ಣಿನ ಹತ್ತಿರ ಹಿಡಿದಳು. "ಚಂದ ಅದಾಳೋ ಇಲ್ಲೋ ಹೆಂಗ ಹೇಳೂದು? ಜ್ವಾಳದ ಕಾಳಿನಷ್ಟು ಮಾರಿ. ಆದ್ರ ನಿಂತಿದ್ದು ನೋಡು, ಸ್ವಂತ ಹೊಲದಾಗ ನಿಂತಂಗ ನಿಂತಾಳ."

ಅವಳು ನಗೆಯಾಡಿ ಒಳಗೆ ಹೋದಳು. ಆ ಮಾತು ಮಾಸುಮಾಬಿಯ ಎದೆಯಲ್ಲೇ ಉಳಿಯಿತು. ಮದುವೆಯಾದ ಹೊಸದರಲ್ಲಿ ಅವನು ಅವಳನ್ನೂ ಒಮ್ಮೆ ಇದೇ ಅಂಗಳದಲ್ಲಿ ಕೂರಿಸಿದ್ದ. "ಅಲಗಾಡಬ್ಯಾಡ ಮಾಸುಮಾ" ಎಂದು ಮೆಲ್ಲಗೆ ಹೇಳಿದ್ದ. ಆ ದನಿಗಾಗಿಯೇ ಅವಳು ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತಿದ್ದಳು. ಈಗ ಆ ದನಿ ಬೆಟ್ಟದ ಬುಡದಲ್ಲಿ, ಹೊಳೆಯ ದಂಡೆಯಲ್ಲಿ ಇನ್ನೊಬ್ಬಳಿಗೆ ಸಿಗುತ್ತಿದೆ. ರೊಟ್ಟಿ ಬಡಿಯುವಾಗಲೂ ಕೂಸಿನ ತಲೆ ಬಾಚುವಾಗಲೂ ಇದೇ ಯೋಚನೆ.

ಮೂರನೆಯ ದಿನ, ಗಂಡ ಪೇಟೆಗೆ ಹೋದಾಗ, ಕೌದಿ ಹೊಲಿಯುವ ದಬ್ಬಣ ತಂದು ಕುರುಗೋಡಿನ ಗಾಜಿನ ಮೇಲಿದ್ದ ಹೆಂಗಸನ್ನು ಕೆರೆದು ಹಾಕಿದಳು. ತಲೆ, ಸೊಂಟ, ಕಾಲು, ಒಂದೂ ಬಿಡಲಿಲ್ಲ.

ಇಷ್ಟು ವರ್ಷ ಪಟ ಇಳಿಸಿದವಳು, ಗಾಜಿನಲ್ಲಿ ಬಯಲಾದ ಜಾಗದಿಂದ ಬಿಸಿಲು ನುಗ್ಗಿ ಕಾಗದ ಕಪ್ಪಾಗುತ್ತದೆ ಎಂಬುದನ್ನು ಆ ಗಳಿಗೆಯಲ್ಲಿ ಮರೆತೇಬಿಟ್ಟಿದ್ದಳು. ಬಿಸಿಲಿಗಿಟ್ಟಾಗ ಬಂಡೆಯ ಬುಡದಲ್ಲಿ ಮಸಿಯಂಥ ಹೆಣ್ಣುರೂಪ ಎದ್ದು ನಿಂತಿತು. ಮೊದಲು ಕಾಳಿನಷ್ಟಿದ್ದವಳು ಈಗ ಮಾರು ದೂರದಿಂದಲೂ ಕಾಣುತ್ತಿದ್ದಳು.

ಸಂಜೆ ಇಮಾಮಸಾಬ್ ಗಾಜನ್ನು ಬೆಳಕಿಗೆ ಹಿಡಿದು ನೋಡಿದ. "ಇದನ್ನ ಯಾರು ಕೆರೆದ್ರು?"

"ಬೆಕ್ಕು ಹಾರಿತ್ತು."

"ಬೆಕ್ಕಿನ ಕೈಯಾಗ ದಬ್ಬಣ ಇತ್ತೇನು?"

ಅವಳು ಒಲೆಯ ಕಡೆ ತಿರುಗಿ ಕೂತಳು. ಅವನು ಗಾಜನ್ನು ಗೋಡೆಗೊರಗಿಸಿಟ್ಟ. "ದೊರಿ ಹೊರಡೂದ್ರಾಗ ಕುರುಗೋಡಿಗೆ ಮತ್ತ ಹೋಗಬೇಕು. ಮದ್ರಾಸಿಂದ ಬಂದಿದ್ರಾಗ ಎರಡ ಗಾಜು ಉಳಿದಾವ" ಎಂದ.

"ನಾನೂ ಬರ್ತೀನಿ."

"ಬಾ" ಎಂದ. ಅಷ್ಟು ಸಲೀಸಾಗಿ ಒಪ್ಪಿದ್ದು ಅವಳಿಗೆ ಇನ್ನೂ ಚುಚ್ಚಿತು. ಇಷ್ಟು ಸುಲಭವಿದ್ದರೆ ಇಷ್ಟು ದಿನ ಯಾಕೆ ಕರೆಯಲಿಲ್ಲ?

ಮಗಳನ್ನು ಶಹಜಾದಿಯ ಕೈಗಿತ್ತು ಹೊರಬಂದಾಗ, ಯಾವಾಗಲೂ ಓಣಿಯ ತುದಿಯಲ್ಲಿ ನಿಲ್ಲುತ್ತಿದ್ದ ಗಾಡಿ ಅಂದು ಬಾಗಿಲಲ್ಲೇ ನಿಂತಿತ್ತು. ಎತ್ತುಗಳ ಹಗ್ಗ ಹಿಡಿದು ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತವಳು ಒಬ್ಬ ಹೆಂಗಸು. ಇಳಿದು ನಿಂತಳು, ಎಡಗಾಲ ಮೇಲೆ ಭಾರ, ಸೊಂಟದ ಮೇಲೆ ಕೈ.

"ಹುಲುಗಪ್ಪ ಎಲ್ಲಿ?" ಎಂದಳು ಮಾಸುಮಾಬಿ.

"ನನ್ನ ಗಂಡ ದೀಪಾವಳಿಗೆ ಕಾಲು ಮುರ್ಕೊಂಡು ಬಿದ್ದಾನ ಬೀಬಮ್ಮ. ಎತ್ತು ಸುಮ್ನ ಕುಂತ್ರ ಮೇವು ಕೇಳೂದು ಬಿಡ್ತಾವೇನು? ನಾನ ಹೊಡೀತೀನಿ." ಹುಲುಗಪ್ಪನ ಹೆಂಡತಿ ಹುಲುಗಮ್ಮ ನಕ್ಕಳು. ಮುಂದಿನ ಹಲ್ಲೊಂದು ಇರಲಿಲ್ಲ. ಮಾಸುಮಾಬಿಗಿಂತ ಹತ್ತು ವರ್ಷವಾದರೂ ದೊಡ್ಡವಳು. "ಸಾಬ್ರು ನಿಮ್ಮ ಸುದ್ದಿ ಭಾಳ ಹೇಳ್ತಾರ. ಪಟದ ಬಣ್ಣ ನಿಮ್ಮ ಕೈಯಾಗ ಬಂದಂಗ ಯಾರ ಕೈಯಾಗೂ ಬರಂಗಿಲ್ಲಂತ."

ಮಾಸುಮಾಬಿ ಗಂಡನ ಮುಖ ನೋಡಿದಳು. ತನಗೆ ಒಂದು ದಿನವೂ ಹೇಳದ ಮಾತನ್ನು ಇವಳಿಗೆ ಹೇಳಿದ್ದಾನೆ. ಗಾಡಿಯಲ್ಲಿ ಹೆಂಗಸು ಯಾಕಿದ್ದಳೆಂಬ ಗಂಟು ಬಿಚ್ಚಿತ್ತು, ಆದರೆ ಹೊಟ್ಟೆಯ ಉರಿ ತಣ್ಣಗಾಗಲಿಲ್ಲ.

ದಾರಿಯಲ್ಲಿ ಅದು ಹೆಚ್ಚೇ ಆಯಿತು. ಮಂಜಿನಲ್ಲಿ ಎತ್ತುಗಳ ಕೋಡು ಮಾತ್ರ ಕಾಣುತ್ತಿತ್ತು. ಮಂಜು ಹರಿದಾಗ ಎರಡೂ ಕಡೆ ಕರಿನೆಲದಲ್ಲಿ ಹತ್ತಿ ಬೆಳ್ಳಗೆ ಒಡೆದು ನಿಂತಿತ್ತು, ಕುಸುಬಿಯ ಹೂವಿನ ಮೇಲೆ ಬಿಸಿಲು ಬಿದ್ದು ಮರುಕ್ಷಣ ಮೋಡದ ನೆರಳು ಓಡಿತು. ಇದನ್ನೆಲ್ಲ ಅವಳು ತನ್ನ ಅಂಗಳದಲ್ಲಿ ಎಷ್ಟೋ ಸಲ ಕಾಗದದ ಮೇಲೆ ಮೂಡಿಸಿದ್ದಳು. ಅದಕ್ಕೆ ಬಣ್ಣವಿದೆ, ವಾಸನೆಯಿದೆ, ಮೈಗೆ ಕೊರೆಯುವ ಗಾಳಿಯಿದೆ ಎಂಬುದು ಹುಲುಗಮ್ಮನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ಹೆಂಗ ಹುಲುಗಮ್ಮ?" ಎಂದು ಗಂಡ ಮುಗಿಲು ನೋಡಿ ಕೇಳುವನು.

"ಮಳಿ ತಡೀತೈತಿ."

"ನಾಳಿ?"

"ನಾಳಿದು ನಾ ಹೇಳಾಕಿಲ್ಲ ಸಾಬ್ರ."

ಅಷ್ಟೇ ಮಾತು. ಅಷ್ಟರಲ್ಲೇ ಇಬ್ಬರಿಗೂ ತಿಳಿಯುತ್ತಿತ್ತು. ಮಾಸುಮಾಬಿಗೆ ಅದೇ ತಡೆಯದು.

ರಾತ್ರಿ ಊರಾಚೆಯ ತೋಪಿನಲ್ಲಿ ತಂಗಿ, ಬೆಳಿಗ್ಗೆ ಬೆಟ್ಟದೆದುರು ಗಾಡಿ ನಿಲ್ಲಿಸಿದರು. ಇಮಾಮಸಾಬ್ ಮುಕ್ಕಾಲಿ ಊರಿ ಕ್ಯಾಮೆರಾ ಕೂರಿಸಿ, "ಹುಲುಗಮ್ಮ, ಹೋಗಿ ನಿಲ್ಲು" ಎಂದ.

"ಆಕಿ ಯಾಕ? ನಾನು ನಿಲ್ತೀನಿ" ಎಂದಳು ಮಾಸುಮಾಬಿ. ಕಲ್ಲುಗಳ ಮೇಲೆ ಜಾರಬಾರದೆಂದು ಚಪ್ಪಲಿಯನ್ನು ಗಾಡಿಯ ಬಳಿಯೇ ಬಿಟ್ಟು ಹೋಗಿ ಬುಡದಲ್ಲಿ ನಿಂತಳು. ಕಾಲ ಕೆಳಗಿನ ಕಲ್ಲು ಕೊರೆಯುತ್ತಿತ್ತು.

"ಅಲಗಾಡಬ್ಯಾಡ ಮಾಸುಮಾ!" ಇಲ್ಲಿಗೆ ಕೇಳಬೇಕಲ್ಲ, ಅವನು ಕೂಗಿಯೇ ಹೇಳಿದ. ಮೆಲುದನಿಯೆಲ್ಲ ಅವಳ ಅಂಗಳದಲ್ಲೇ ಉಳಿದಿತ್ತು.

ಕ್ಯಾಮೆರಾದ ಮುಚ್ಚಳ ತೆಗೆದ. ಹೊತ್ತು ಅಳೆಯಲು ಅವನು ಮನಸ್ಸಿನಲ್ಲೇ ಕುರಾನಿನ ಪುಟ್ಟ ಸೂರಾ ಕುಲ್ ಹುವಲ್ಲಾ ಓದುತ್ತಿದ್ದ; ಬಿಸಿಲಿದ್ದರೆ ಒಂದು ಸಲ, ಮೋಡವಿದ್ದರೆ ಮೂರು ಸಲ. ಅಷ್ಟರಲ್ಲಿ ಮೋಡ ಬಂತು. ಅವನನ್ನೇ ನೋಡುತ್ತ ಅವಳು ಉಸಿರು ಹಿಡಿದಳು. ಮೂರನೆಯ ಸಲಕ್ಕೆ ಹುಲುಗಮ್ಮ ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಓದಿನ ನಡುವೆಯೇ ಅವನ ಹೆಗಲು ನಗುವಿಗೆ ಕುಲುಕಿತು. ಅವರ ನೋಟ ಹೋದತ್ತ, ಗಾಡಿಯ ಕಡೆ, ಮಾಸುಮಾಬಿಯ ತಲೆ ತಾನಾಗಿ ತಿರುಗಿತು, ಮತ್ತೆ ಅವರತ್ತ ಬಂತು.

ಮುಚ್ಚಳ ಹಾಕಿದ ಗಂಡ ಬೈಯಲಿಲ್ಲ. ಉಳಿದಿದ್ದ ಒಂದೇ ಗಾಜನ್ನು ಸೇರಿಸುತ್ತ, "ಹುಲುಗಮ್ಮ, ನೀ ಹೋಗವಾ" ಎಂದ. ಹುಲುಗಮ್ಮ ಗಾಡಿಯ ಕಡೆಯಿಂದ ಬಂಡೆಯತ್ತ ನಡೆದಳು. ಮಾಸುಮಾಬಿ ಬರಿಗಾಲಲ್ಲಿ ತಡವಾಗಿ ಗಾಡಿಗೆ ಮರಳಿ ಚಪ್ಪಲಿ ಮೆಟ್ಟಿದಳು. ಒದ್ದೆಯಾಗಿದ್ದವು. ಯಾಕೆಂದು ಕೇಳುವಷ್ಟು ಮನಸ್ಸಿರಲಿಲ್ಲ. ಚಕ್ರಕ್ಕೊರಗಿ ಕೂತು, ಆ ಹೆಂಗಸು ಬಂಡೆಯ ಜೊತೆ ಹುಟ್ಟಿದವಳಂತೆ ನಿಂತದ್ದನ್ನು ನೋಡಿದಳು. ಮುಚ್ಚಳ ಮುಚ್ಚುತ್ತಿದ್ದಂತೆ ತುಂತುರು ಶುರುವಾಯಿತು.

ಬಳ್ಳಾರಿಗೆ ಬಂದು ಎರಡೂ ಗಾಜನ್ನು ಮದ್ದಿನಲ್ಲಿ ತೊಳೆದಾಯಿತು. ಅವಳು ಮೊದಲು ತನ್ನದನ್ನೇ ಇಳಿಸಿದಳು. ಬೆಟ್ಟ ಚೊಕ್ಕವಾಗಿತ್ತು, ಸೀರೆಯ ನೆರಿಗೆ ಚೊಕ್ಕವಾಗಿತ್ತು. ಕೊರಳಿಂದ ಮೇಲಕ್ಕೆ ಮಾತ್ರ ಹೊಗೆ.

ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿದ. "ಮಾರಿ ಎಲ್ಲಿ ಹೋತು?"

"ನಿಮ್ಮ ಕಡಿ ನೋಡಾಕ ಹೋಗಿತ್ತು."

ಅವನು ನಗಲಿಲ್ಲ. ಅವಳೇ ಕೇಳಿದಳು: "ಆಕಿ ಏನಂದ್ಲು ನಿಮ್ಮ ಕಿವ್ಯಾಗ?"

"ಯಾವಾಗ? ಓ, ಅವಾಗೇನು. ನಿನ್ನ ಚಪ್ಪಲಿ ಮ್ಯಾಲೆ ಎತ್ತು ಸಗಣಿ ಹಾಕೇತಿ, ಬೀಬಮ್ಮ ಬರೂದ್ರಾಗ ತೊಳೀತೀನಿ, ಹೇಳಬ್ಯಾಡ್ರಿ ಅಂದ್ಲು."

ಮಾಸುಮಾಬಿ ಬಹಳ ಹೊತ್ತು ಚೌಕಟ್ಟನ್ನು ಒರೆಸಿದಳು. ಆಮೇಲೆ ಕೇಳಿದಳು: "ನನ್ನನ್ಯಾಕ ಒಂದಿನಾನೂ ಕರೀಲಿಲ್ಲ?"

"ಕೂಸು ಐತಿ, ಮೊಟ್ಟಿ ಕೆಲಸ ಐತಿ, ನೀನ ಒಲ್ಲೆ ಅಂತೀಯಂತ ಮಾಡಿದ್ದೆ."

"ಕೇಳಿದ್ರ ತಾನ ಒಲ್ಲೆ ಅನ್ನೂದು?"

ಕೆಟ್ಟ ಗಾಜುಗಳನ್ನು ಉಜ್ಜಿ ಕಿಟಕಿಗೆ ಹಾಕುವುದು ಅವನ ರೂಢಿ. ಅವಳು ನಿಂತ ಈ ಗಾಜನ್ನು ಉಜ್ಜಲಿಲ್ಲ; ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ.

ಹುಲುಗಮ್ಮ ನಿಂತ ಗಾಜನ್ನು ಮಾಸುಮಾಬಿ ಇಡೀ ಜನ್ಮದಲ್ಲಿ ಇಳಿಸದಷ್ಟು ಜತನದಿಂದ ಇಳಿಸಿದಳು. ದೊರೆಗೊಂದು, ಇನ್ನೊಂದು ಬೇರೆ. ಪಟದ ಬಣ್ಣದ ಮಾತನ್ನು ಗಂಡ ಹೇಳಿದ್ದು ಹುಲುಗಮ್ಮನ ಮುಂದಲ್ಲವೇ? ಹಾಗಾದರೆ ಇವಳೇ ಕಣ್ಣಾರೆ ನೋಡಲಿ ಎಂಬ ಹಟ.

ಹೊಸ ಗಾಜು ಬಂದ ಮೇಲೆ ಸಿರುಗುಪ್ಪದ ಕಡೆ ಹೊರಟ ಬೆಳಿಗ್ಗೆ, ಪಟವನ್ನು ಹುಲುಗಮ್ಮನ ಕೈಗಿಟ್ಟಳು. "ನೋಡ್ಕೋ. ಬಣ್ಣ ಹೆಂಗ ಬಂದೈತಿ?"

"ಅಯ್ಯ, ಇಷ್ಟು ಕೆಂಪನ ಬಣ್ಣ ಕಾಗದದಾಗ ಹೆಂಗ ತಂದ್ರಿ!" ಹುಲುಗಮ್ಮ ಪಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಲ್ಲಿ ಸಣ್ಣಂದು ಐತಲ್ಲ, ಇದು ನಾನೇನು?"

"ನೀನ."

"ನಿಮ್ದು?"

"ನಂದು ಪೆಟ್ಟಿಗ್ಯಾಗ ಐತಿ" ಎಂದು ಮಾಸುಮಾಬಿ ಸೆರಗು ಬಿಗಿದು ಗಾಡಿ ಹತ್ತಿದಳು. ಮುಂದೆ, ಹುಲುಗಮ್ಮನ ಪಕ್ಕದಲ್ಲೇ ಕೂತಳು. ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಗಂಡನಿಗೆ ಹಿಂದೆ, ಪೆಟ್ಟಿಗೆಗಳ ನಡುವೆ ಜಾಗ ತೋರಿಸಿದಳು.