ಎರಡೂ ಎಡತೋಳು

ನನ್ನ ಓರಗಿತ್ತಿಗೆ ಆಫೀಸಿನಲ್ಲಿ ‘ಇಸ್ತ್ರಿ’ ಎಂದು ಅಡ್ಡಹೆಸರು. ಹಾಸಿಗೆಯ ಹೊದಿಕೆಯಿಂದ ಹಿಡಿದು ಕಂಪ್ಯೂಟರ್ ಕೋಡಿನ ಸಾಲಿನವರೆಗೆ ಎಲ್ಲೂ ಒಂದು ಸುಕ್ಕು ಕಾಣಬಾರದು ಅವಳಿಗೆ. ಅವಳು ಹಿರಿಸೊಸೆ, ನಾನು ಕಿರಿಸೊಸೆ. ಒಂದೇ ಮನೆ, ಒಂದೇ ಕಂಪನಿ, ಎದುರುಬದುರು ಮೇಜು. ಬಟ್ಟೆ ಕತ್ತರಿಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ಇಬ್ಬರ ಕೆಲಸ. ಇಷ್ಟಿದ್ದೂ ನಾವು ಜಗಳವಾಡಿದವರಲ್ಲ, ನಾನು ಬರೆದ ಮ್ಯಾಕ್ರೋ ಎಂಬ ಪ್ರೋಗ್ರಾಂ ತುಣುಕನ್ನು ಅವಳು ಕದಿಯುವ ತನಕ.

ಕದ್ದಳು ಎಂದೇ ಹೇಳುತ್ತೇನೆ. ನನ್ನ ಗಂಡ ಅದಕ್ಕೆ ‘ತಪ್ಪು ತಿಳಿವಳಿಕೆ’ ಎಂಬ ಹೆಸರಿಟ್ಟ. ಅತ್ತಿಗೆಯ ಮುನಿಸೂ ಬೇಡ, ಹೆಂಡತಿಯ ಮುನಿಸೂ ಬೇಡ ಎನ್ನುವ ಗಂಡಸಿನ ನಿಘಂಟೇ ಬೇರೆ.

ನಮ್ಮ ಯಂತ್ರದ ಭಾಷೆ ಲಿಸ್ಪ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಮನೆತನದ್ದು, ಅಡಿಯಿಂದ ಮುಡಿಯವರೆಗೆ ಬರೀ ಬ್ರಾಕೆಟ್ಟು. ಕೋಟಿನ ಎಡತೋಳು ಕತ್ತರಿಸಿದ ಮೇಲೆ ಅದರ ನಕ್ಷೆ ಹಿಂದೆ ಸರಿದು ಬಲತೋಳಿನದು ಮುಂದೆ ಬರಬೇಕು. ಹಾಗೆ ಎರಡನ್ನು ಅದಲುಬದಲು ಮಾಡುವ ಮ್ಯಾಕ್ರೋ ನಾನು ಬರೆದದ್ದು. ಮ್ಯಾಕ್ರೋ ಎಂದರೆ ಫಂಕ್ಷನ್ ಅಲ್ಲ. ಫಂಕ್ಷನ್ ತನ್ನ ಕೋಣೆಯಲ್ಲೇ ಕೂತು ಕೆಲಸ ಮಾಡಿಕೊಡುತ್ತದೆ. ಮ್ಯಾಕ್ರೋ ಹಾಗಲ್ಲ, ಗಂಟುಮೂಟೆ ಸಮೇತ ಬಂದು ನಿಮ್ಮ ಮನೆಯಲ್ಲೇ ಇಳಿಯುತ್ತದೆ. ಅದನ್ನು ಕರೆದ ಜಾಗದಲ್ಲಿ ಅದರ ಸಾಲುಗಳೇ ಬಂದು ಕೂರುತ್ತವೆ. ಒಂದು ನಕ್ಷೆಯನ್ನು ಅರೆಗಳಿಗೆ ಹಿಡಿದಿಡಲು ಅದರೊಳಗೆ ಒಂದು ಲೋಕಲ್ ವೇರಿಯಬಲ್, ಅಂದರೆ ಹೆಸರಿಟ್ಟ ತಾತ್ಕಾಲಿಕ ಡಬ್ಬಿ, ಇದೆ. ನಿಮ್ಮ ಕೋಡಿನಲ್ಲೂ ಅದೇ ಹೆಸರಿದ್ದರೆ ಕೆಲಸ ಕೆಟ್ಟಿತು. ಆ ಹೆಸರು ಕೂಗಿದಾಗ ಒಳಗಿರುವುದೇ ಓಗೊಡುತ್ತದೆ, ಹೊರಗಿನದು ಅಲುಗುವುದಿಲ್ಲ. ಅದಲೂ ಇಲ್ಲ, ಬದಲೂ ಇಲ್ಲ. ಯಾರೂ ಬಳಸದ ಹೆಸರನ್ನು ತಾನೇ ಹುಟ್ಟಿಸಿಕೊಡುವ ಸೌಲಭ್ಯ ನಮ್ಮ ಪುಟ್ಟ ಭಾಷೆಗಿರಲಿಲ್ಲ. ಅದಕ್ಕೇ ನಾನು ಲೋಕದ ಯಾವ ದರ್ಜಿಗೂ ಹೊಳೆಯದ ಹೆಸರನ್ನು ಹುಡುಕಿ ಇಟ್ಟೆ: ಹಲ್ಲಿಬಾಲ.

ಅಷ್ಟರಲ್ಲಿ ಜ್ವರ ಬಂದು ಮಲಗಿದೆ. ಮ್ಯಾಕ್ರೋ ಇದ್ದ ಕಡತವನ್ನು ಮ್ಯಾನೇಜರಿಗೆ ತಲುಪಿಸು ಎಂದು ಇಸ್ತ್ರಿಗೆ ಹೇಳಿದೆ. ತಲುಪಿಸಿದಳು, ತನ್ನ ಹೆಸರು ಹಾಕಿ. ನಾನು ಎದ್ದು ಆಫೀಸಿಗೆ ಹೋಗುವಷ್ಟರಲ್ಲಿ ಅವಳನ್ನೇ ವಿಭಾಗದ ಮುಖ್ಯಸ್ಥೆ ಮಾಡುವ ಮಾತು ನಡೆದಿತ್ತು. ಹೆತ್ತವಳು ನಾನು, ತೊಟ್ಟಿಲ ಪಕ್ಕ ಕೂತು ಹರಸಿಸಿಕೊಂಡವಳು ಅವಳು. ಊಟಕ್ಕೆ ಕೂತಾಗ ಅತ್ತೆ, ಅಕ್ಕನನ್ನು ನೋಡಿ ಕಲಿತುಕೋ ಎಂದರು. ಇಸ್ತ್ರಿ ತಲೆಯೆತ್ತದೆ ನನ್ನ ಲೋಟಕ್ಕೆ ನೀರು ಬಗ್ಗಿಸಿದಳು. ನಾನು ಲೋಟವನ್ನು ಬದಿಗೆ ಸರಿಸಿದೆ.

ಮರುದಿನ ಹೊಟ್ಟೆಯುರಿಯಲ್ಲೇ ಆ ಕಡತ ತೆರೆದೆ. ನೀಟಾಗಿ ಇಸ್ತ್ರಿ ಹೊಡೆದಿದ್ದಳು. ಹಲ್ಲಿಬಾಲ ಮಾಯವಾಗಿ ಆ ಜಾಗದಲ್ಲಿ ‘ತುಂಡು’ ಎಂಬ ಸಭ್ಯ ಹೆಸರು ಕೂತಿತ್ತು. ಎಡ, ಬಲ ಎಂಬ ಹೆಸರು ಕೊಟ್ಟು ಪರೀಕ್ಷಿಸಿದ್ದಳು, ಸರಿಬಂದಿತ್ತು. ಬಟ್ಟೆ ಕತ್ತರಿಸುವವರ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಮಾತು ತುಂಡು! ಯಾರಾದರೂ ತಮ್ಮ ನಕ್ಷೆಗೆ ಅದೇ ಹೆಸರಿಟ್ಟರೆ ಮುಗಿಯಿತು. ಕುರ್ಚಿಯಲ್ಲೇ ಒರಗಿ ನಕ್ಕೆ. ಹೇಳಬಹುದಿತ್ತು. ಯಾಕೆ ಹೇಳಲಿ?

ಕೋಟು ಕಾರ್ಖಾನೆಯ ಕಟಿಂಗ್ ಮಾಸ್ಟರ್ ಯಂತ್ರ ನೋಡಲು ಬರುವವರಿದ್ದರು. ತನಗೆ ಮಾತಾಡುವ ಕೆಲಸವಿದೆ, ಮಾದರಿ ಪ್ರೋಗ್ರಾಂ ನೀನೇ ಬರೆದುಬಿಡು ಎಂದಳು ಇಸ್ತ್ರಿ. ಬರೆದೆ. ಎಡತೋಳಿನ ನಕ್ಷೆಗೆ ‘ತುಂಡು’, ಬಲತೋಳಿನದಕ್ಕೆ ‘ಜೋಡಿ’. ಅವಳು ಓದಿ ನೋಡಿ, ಕೊನೆಗೂ ನಿನಗೆ ಚೆಂದದ ಹೆಸರಿಡಲು ಬಂತಲ್ಲ ಎಂದು ಬೆನ್ನು ತಟ್ಟಿದಳು. ನಾನು ಥ್ಯಾಂಕ್ಸ್ ಹೇಳಿದೆ.

ಆ ದಿನ ಮೇಜಿನ ಮೇಲೆ ಬೂದು ಉಣ್ಣೆಬಟ್ಟೆ ಹಾಸಿತ್ತು. ಇಸ್ತ್ರಿ ತನ್ನ ಮ್ಯಾಕ್ರೋ ಬಗ್ಗೆ ನಿರರ್ಗಳವಾಗಿ ಮಾತಾಡಿ ಗುಂಡಿ ಒತ್ತಿದಳು. ಬ್ಲೇಡು ಸರ್ರನೆ ಓಡಿ ನಿಂತಿತು. ಮಾಸ್ಟರ್ ಎರಡು ತೋಳುಗಳನ್ನೂ ಎತ್ತಿ, ಬಟ್ಟೆಯ ಮೇಲ್ಮೈ ನೋಡಿ, ಒಂದರ ಮೇಲೊಂದು ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಎರಡೂ ಎಡದ್ದೇ,” ಎಂದರು. “ನಮ್ಮ ಗಿರಾಕಿಗಳಿಗೆ ಬಲಗೈನೂ ಇರುತ್ತಮ್ಮ.”

ಮತ್ತೆ ಒತ್ತಿದಳು. ಮತ್ತೆ ಎಡತೋಳುಗಳೇ ಬಂದವು. ಬರೆದವರಿಗೆ ಗೊತ್ತಿರುತ್ತದಲ್ಲ, ಎಲ್ಲಿ ತಪ್ಪಿದೆ ನೋಡಿ ಎಂದು ಮ್ಯಾನೇಜರ್ ಮೆತ್ತಗೆ ಹೇಳಿದರು. ಇಸ್ತ್ರಿ ಪರದೆಯ ಮೇಲೆ ಸಾಲುಗಳನ್ನು ಮೇಲೆ ಕೆಳಗೆ ಓಡಿಸಿದಳು. ಓದಿದರೆ ಎಲ್ಲವೂ ಸರಿಯಾಗೇ ಕಾಣುತ್ತಿತ್ತು. ಅವಳ ಕುತ್ತಿಗೆ ಬೆವರಿತು. ಪಾಪ ಅನ್ನಿಸಿತೇ? ಇಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಕೈಕಟ್ಟಿ ನಿಂತೆ.

ಕೊನೆಗೆ ಅವಳು ನನ್ನ ಕಡೆ ತಿರುಗಿದಳು. “ಇಲ್ಲಿ ಮೊದ್ಲು ನೀನು ಏನಂತ ಬರ್ದಿದ್ದೆ?”

ಬಾಯಿಂದ ಮಾತು ಬಿದ್ದಮೇಲೆ, ಏನು ಹೇಳಿಬಿಟ್ಟೆ ಎಂದು ಅವಳಿಗೇ ಗೊತ್ತಾಯಿತು. ಮ್ಯಾನೇಜರ್ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಅವಳ ಮುಂದಿದ್ದ ಕೀಲಿಮಣೆಯನ್ನು ನನ್ನತ್ತ ಸರಿಸಿದರು. ನಾನು ಮುಟ್ಟಲಿಲ್ಲ.

“ಇದು ಯಾರು ಬರೆದಿದ್ದು ಅಂತ ಅಕ್ಕ ಹೇಳ್ಲಿ. ಆಮೇಲೆ ಸರಿ ಮಾಡ್ತೀನಿ.”

ಅವಳು ಎಡತೋಳುಗಳ ರಾಶಿಯನ್ನೇ ನೋಡುತ್ತ ನಿಂತಳು. ತುಟಿ ಅಲುಗಿತು. ಇವಳೇ, ಎಂದಳು ಪಿಸುಮಾತಿನಲ್ಲಿ.

ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

“ಕೇಳಿಸ್ಲಿಲ್ಲ ಅಕ್ಕ,” ಎಂದೆ. “ಇನ್ನೊಂದ್ಸಲ ಹೇಳು.”