ಸೊಟ್ಟ ಕನ್ನಡಕ

ಕನ್ನಡಕದಂಗಡಿಯ ಅಕ್ಕನಿಗೆ ಸೊಟ್ಟಗಿರುವುದನ್ನು ಕಂಡರಾಗದು. ಗೋಡೆಯ ಪಟವಿರಲಿ, ಗಿರಾಕಿಯ ಮೂಗಿನ ಮೇಲಿನ ಫ್ರೇಮಿರಲಿ, ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಗಂಡನ ಕನ್ನಡಕವನ್ನಂತೂ ಸಂಸಾರ ನಡೆಸಿದಷ್ಟು ದಿನವೂ ತಿದ್ದಿದ್ದಳು. ಅವನ ಒಂದು ಕಿವಿ ಇನ್ನೊಂದಕ್ಕಿಂತ ಚೂರು ಕೆಳಗಿತ್ತು. ಎಷ್ಟು ತಿದ್ದಿದರೂ ಮಧ್ಯಾಹ್ನದ ಹೊತ್ತಿಗೆ ವಾಲಿಕೊಳ್ಳುತ್ತಿತ್ತು. ಅವನು ನಗುತ್ತಿದ್ದ, ಇವಳು ಸಿಡಿಮಿಡಿಗೊಳ್ಳುತ್ತಿದ್ದಳು.

ಅವನು ತೀರಿಕೊಂಡ ಮೇಲೆ ಅಕ್ಕ ಪಾಶ್ಚಾತ್ಯ ಗೂಢವಿದ್ಯೆ ಕಲಿಸುವ ಒಂದು ಮಂಡಲಿಗೆ ಸೇರಿದಳು. ಅಲ್ಲಿ ಮೊದಲ ಪಾಠವೇ ಸಂಕಲ್ಪ. ಸೀಮೆಸುಣ್ಣದ ವೃತ್ತದೊಳಗೆ ಕೂತು, ಕಣ್ಣು ಮುಚ್ಚಿ, ಒಂದು ವಸ್ತುವನ್ನು ಮನಸ್ಸಿನಲ್ಲೇ ಕಟ್ಟಿ ಅಲುಗದಂತೆ ಹಿಡಿಯಬೇಕು. ಉಳಿದವರು ಮೇಣದಬತ್ತಿ ಕಟ್ಟಿದರು, ಗುಲಾಬಿ ಕಟ್ಟಿದರು. ಇವಳು ಗಂಡನ ಮುಖ ಕಟ್ಟಿದಳು. ಮರೆತುಹೋದೀತೆಂಬ ಭಯವೇ ಅವಳನ್ನು ಅಲ್ಲಿಗೆ ಕರೆದೊಯ್ದದ್ದು.

ತಮ್ಮನ ದಾರಿ ತದ್ವಿರುದ್ಧ. ಬೌದ್ಧ ವಿಹಾರದಲ್ಲಿ ಬಹುಕಾಲ ಇದ್ದು ಬಂದು, ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ. ಅಕ್ಕ ಹಿಡಿಯೋದು ಕಲಿತಳು, ತಮ್ಮ ಬಿಡೋದು ಕಲಿತ, ಮನೆ ಗುಡಿಸೋರು ಮಾತ್ರ ಯಾರೂ ಇಲ್ಲ ಎಂದು ನೆಂಟರು ಆಡಿಕೊಳ್ಳುತ್ತಿದ್ದರು.

ಅದೇ ಕೋಣೆಯ ಮೂಲೆಯಲ್ಲಿ ಅಕ್ಕ ದಿನಾ ತನ್ನ ವೃತ್ತ ಬರೆದು ಕೂರುತ್ತಿದ್ದಳು. ಒಂದು ಬೆಳಗ್ಗೆ ಬಿಗುಮಾನ ಬಿಟ್ಟು ಅವನ ಮುಂದೆ ನಿಂತಳು.

"ಮುಖ ಚೆನ್ನಾಗೇ ನಿಲ್ಲುತ್ತೆ ಕಣೋ. ಆದ್ರೆ ಅದು ಅವರಲ್ಲ."

ವೃತ್ತದ ಹೊರಗೆ, ಸುಮ್ಮನೆ ಕುರ್ಚಿಯಲ್ಲಿ ಕೂರು ಎಂದ ತಮ್ಮ. ಉಸಿರು ನೋಡು, ಏನನ್ನೂ ಕಟ್ಟಬೇಡ. ಬಂದದ್ದು ಬರಲಿ, ಹೋಗುವುದು ಹೋಗಲಿ. ಹೋಗಲಿ ಎಂಬ ಮಾತಿಗೆ ಅವಳು ಹೆದರಿದಳು. ಇರುವಷ್ಟೂ ಕೈತಪ್ಪಿದರೆ? ಆದರೂ ಕೂತಳು.

ಮೊದಲು ಮಂಡಿ ತುರಿಸಿತು. ಆಮೇಲೆ ಯಾರೋ ಗಿರಾಕಿಯ ಮೇಲಿನ ಕೋಪ ಬಂದು ಹೋಯಿತು. ಆಮೇಲೆ, ಕರೆಯದೆಯೇ, ಅವನು ಬಂದ, ಕನ್ನಡಕ ವಾಲಿಸಿಕೊಂಡು. ಅಕ್ಕನಿಗೆ ಆಗ ಹೊಳೆಯಿತು: ದಿನಾ ಮುಖ ಕಟ್ಟುವಾಗ ಅವಳು ಕನ್ನಡಕವನ್ನೂ ನೆಟ್ಟಗೆ ಮಾಡುತ್ತಿದ್ದಳು. ಅದು ನೆಟ್ಟಗಾಗಲೆಂದು ಕಿವಿಯನ್ನೂ ಮೇಲೆತ್ತಿದ್ದಳು. ಹಾಗಾದ ಮೇಲೆ ಅವನು ನಗುವುದಾದರೂ ಯಾವುದಕ್ಕೆ? ಈಗಲೂ ಅವಳ ಕೈ ಎದ್ದಿತು. ಅದನ್ನು ಮಡಿಲಿಗೆ ಎಳೆದುಕೊಂಡಳು. ಅವನು ನಕ್ಕ, ಹೋದ. ಅಕ್ಕ ಮನಸಾರೆ ಅತ್ತಳು. ದುಃಖಕ್ಕಿಂತ ಸಂತೋಷವೇ ಹೆಚ್ಚಿತ್ತು.

ತಮ್ಮ ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ಅಕ್ಕಾ, ಮರೆತುಬಿಡು ಅಂತ ವಿಹಾರದ ಗುರುಗಳು ಹೇಳಿರಲಿಲ್ಲ. ನಾನೇ ಅತಿ ಮಾಡ್ಕೊಂಡೆ. ಬಿಟ್ಟೂ ಬಿಟ್ಟೂ ನಂಗೆ ಅಮ್ಮನ ಮುಖಾನೇ ಸಿಗ್ತಿಲ್ಲ. ಕಟ್ಟಿಕೊಡ್ತೀಯಾ?"

ಅಕ್ಕ ಮೂಗೊರೆಸಿಕೊಂಡು, ಅವನ ಕೈಹಿಡಿದು ವೃತ್ತದೊಳಗೆ ಕೂರಿಸಿಕೊಂಡಳು. ಇಬ್ಬರೂ ಕಣ್ಣು ಮುಚ್ಚಿದರು.

"ಹಣೆಯಿಂದ ಶುರು ಮಾಡೋಣ. ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತು. ನೀನು ಕೂಸಾಗಿದ್ದಾಗ ಗಿಲಕಿ ಎಸೆದು ಮಾಡಿದ್ದು. ಕಾಣ್ತಾ? ಅದನ್ನ ಅಳಿಸಬೇಡ."