ಕಿಟಕಿಯ ಹೊರಮೈ

ನೀಲಕಂಠಸ್ವಾಮಿ ದೋಣಿಯ ಕೋಣೆಯ ಕಿಟಕಿಗೆ ಎರಡನೆಯ ಮೊಳೆ ಹೊಡೆಯುವಷ್ಟರಲ್ಲಿ ಶಿವನಂಜಮ್ಮ ಹತ್ತಿ ಬಂದು ಅವನ ಕೈಯ ಸುತ್ತಿಗೆ ಕಿತ್ತುಕೊಂಡಳು. ಗಂಡ ಸತ್ತ ಹೆಂಗಸು ಹೀಗೆ ಮೈದುನನ ಮೇಲೆ ಎಗರಿದ್ದನ್ನು ಕಂಡು ದಡದಲ್ಲಿದ್ದವರು ಅಳುವುದನ್ನೇ ಮರೆತರು.

“ಕಿಟಕಿ ಸೋರ್ತಾವೆ ಅತ್ತಿಗೆ. ಅಣ್ಣನ ಹಣೇಲಿ ಇಬೂತಿ ಉಳಿಯಕಿಲ್ಲ. ಹಲಗೆ ಬಡಿದುಬುಡ್ತೀನಿ.”

“ಪೆಟ್ಟಿಗೇಲಿ ಮುಚ್ಚಿದಂಗೆ ಅವ್ರನ್ನ ಕರ್ಕೊಂಡೋಗೋದು ಬ್ಯಾಡ. ಕಿಟಕಿ ನಾನು ಸರಿಮಾಡ್ತೀನಿ, ಬುಡಪ್ಪ.”

ಅವಳ ಗಂಡ ಕಂಠಪ್ಪ ನಿನ್ನೆ ಸಂಜೆ ದೋಣಿ ಕಟ್ಟಿ ಬಂದು ಜಗಲಿಯಲ್ಲಿ ಒರಗಿದವನು ಮತ್ತೆ ಏಳಲಿಲ್ಲ. ಅವನ ಹಿರೀಕರನ್ನೆಲ್ಲ ಮಣ್ಣು ಮಾಡಿದ ಹೊಲ ಕನ್ನಂಬಾಡಿ ಹಿನ್ನೀರಿನ ಆಚೆ ದಡದಲ್ಲಿ. ಗಾಡಿಯಲ್ಲಿ ಸುತ್ತಿ ಹೋದರೆ ಕತ್ತಲಾಗುತ್ತದೆ. ಮೈ ತೊಳೆಸಿ, ವಿಭೂತಿ ಬಳಿದು, ಚಕ್ಕಳಮಕ್ಕಳ ಕೂರಿಸಿದ್ದ ಅವನನ್ನು ಅವನದೇ ಹಾಯಿದೋಣಿಯಲ್ಲಿ ದಾಟಿಸಬೇಕು. ಆಚೆ ಅಯ್ಯನವರು ಗುಂಡಿ ತೋಡಿಸಿಕೊಂಡು ಕಾಯುತ್ತಿದ್ದರು. ಆದರೆ ಇದು ಆಷಾಢದ ಮಳೆ. ಆ ವಿಭೂತಿ ಕರಗಿ ಮುಖದ ಮೇಲೆಲ್ಲ ಇಳಿದರೆ ಶಿವನಂಜಮ್ಮನಿಗೆ ತಡೆಯಲಾಗದು.

ಹಾಯಿ ಹಿಡಿಯುವ ಚಾಮಯ್ಯ ರಾಳದ ಮೇಣ ಕಾಯಿಸಿ ತಂದು ಕೋಣೆಯೊಳಕ್ಕೆ ನುಗ್ಗಿದ.

“ಒಳಗಲ್ಲ ಕಣೋ, ಹೊರಗೆ” ಎಂದಳು ಶಿವನಂಜಮ್ಮ.

“ಯಜಮಾನ್ರು ಒಳಗೇ ಅಲ್ವ್ರಾ ಅಮ್ಮಾವ್ರೆ ಮೆತ್ತುತಿದ್ದುದು?”



*

ದೋಣಿ ಮೊದಲು ಕಾಫಿ ತೋಟದ ಬಿಳಿ ದೊರೆಯದು. ಮೀನು ಹಿಡಿಯುವ ಶೋಕಿಗೆ ತಂದಿಟ್ಟಿದ್ದವನು ಸ್ವಾತಂತ್ರ್ಯ ಬಂದಮೇಲೆ ಅದನ್ನು ಕಾಯುತ್ತಿದ್ದ ಕಂಠಪ್ಪನಿಗೇ ಬಿಟ್ಟು ತನ್ನ ದೇಶಕ್ಕೆ ಹೋದ. ರಾಗಿ ಬೆಳೆಯುವ ಕಂಠಪ್ಪನಿಗೆ ದೋಣಿಯೂ ಒಂದು ಮನೆಯೇ. ಅದರ ಪುಟ್ಟ ಕೋಣೆಗೆ ಹೊಸ್ತಿಲು ಕೂರಿಸಿ ಮಾವಿನ ಸೊಪ್ಪು ಕಟ್ಟಿದ. ಗಾಜಿನ ಕಿಟಕಿ ಸೋರಿದಾಗಲೂ ಅಷ್ಟೆ, ಮನೆಗೋಡೆಗೆ ಮಣ್ಣು ಮೆತ್ತುವ ಹಾಗೆ, ತೊಟ್ಟಿಕ್ಕಿದ ಕಡೆಗೇ ಒಳಗಿನಿಂದ ಮೇಣ ಮೆತ್ತಿದ. ನೀರು ಚೌಕಟ್ಟಿನ ಮರದಲ್ಲೇ ನಿಂತು ಮುಂದಿನ ಮಳೆಗೆ ಇನ್ನೊಂದು ಕಡೆ ದಾರಿ ಮಾಡಿಕೊಂಡಿತು.

“ನೀರು ಬರೋದು ಹೊರಗಿಂದ ಕಣ್ರೀ. ಅಲ್ಲೇ ತಡೀರಿ ಅಂದ್ರೆ!”

“ಸೋರೋದು ಒಳಗೆ ಕಣೇ. ಹೊರಗೆ ಮೆತ್ತಿ ಮೀನಿಗೆ ತೋರಿಸ್ಲಾ? ನೀನು ಒಲೆ ನೋಡ್ಕೊ, ದೋಣಿ ನಂಗೆ ಬುಡು.”

ಪ್ರತಿ ಮಳೆಗಾಲಕ್ಕೂ ಇದೇ ರಾಮಾಯಣ. ಅವನ ದೋಣಿಯಲ್ಲಿ ಹಿನ್ನೀರು ದಾಟುವ ಜನ ತಲೆಗೆ ಗೋಣಿತಾಟು ಹೊದ್ದು ಕೂತು ಕೇಳಿ ನಗುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಆ ಜಗಳವೇ ದೊಡ್ಡ ಸದ್ದಾಗಿತ್ತು. ಅದು ನಿಲ್ಲಲಿ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

*

ಹೊರಗೆ ಮೆತ್ತಿದರೆ ಸೋರುವುದು ನಿಲ್ಲುತ್ತದೆಂದು ಅವಳಿಗೆ ಗೊತ್ತು. ನಿಂತರೆ ಅವನು ಬದುಕೆಲ್ಲ ಹಿಡಿದಿದ್ದ ಹಟ ಸುಳ್ಳಾಗುತ್ತದೆ. ಅದೂ ಎದುರು ಮಾತಾಡಲು ಅವನಿಗೆ ಬಾಯಿಲ್ಲದ ದಿನ. ಆದರೆ ವಿಭೂತಿ ಉಳಿಯಬೇಕಲ್ಲ. ಚಾಮಯ್ಯ ಮೇಲೆ ಕಂಬಳಿ ಹಿಡಿದ. ಅವಳು ಸೆರಗಿನಿಂದ ಮರ ಒರೆಸಿ, ಬಿಸಿ ಮೇಣವನ್ನು ಗಾಜಿನ ಸುತ್ತ ಒತ್ತಿದಳು.

ದೋಣಿ ನಡುನೀರಿಗೆ ಬಂದಾಗ ಮಳೆ ಧೋ ಎಂದು ಸುರಿಯಿತು. ಗಂಡ ವಾಲದಂತೆ ಭುಜ ಕೊಟ್ಟು ಕೂತಿದ್ದ ಶಿವನಂಜಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ಗಾಜಿನ ಮೇಲೆ ನೀರು ಧಾರೆಯಾಗಿ ಇಳಿಯಿತು. ಒಳಗೆ ಏನೂ ಇಲ್ಲ. ಅವನ ಹಣೆ ತಪ್ಪಿಸಿ, ಆ ಮೂಲೆಯಲ್ಲಾದರೂ ಒಂದು ತೊಟ್ಟು ಬೀಳಬಾರದೇ ಎಂದುಕೊಂಡಳು. ಬೀಳಲಿಲ್ಲ. ಅವಳಿಗೆ ನಿನ್ನೆ ಸಂಜೆಯಿಂದ ಬಾರದ ಅಳು ಆಗ ಬಂತು.

ಆಚೆ ದಡ ಮುಟ್ಟುತ್ತಲೇ ನೀಲಕಂಠಸ್ವಾಮಿ ಒಳಗೆ ಬಗ್ಗಿ ನೋಡಿ ಬೆರಗಾದ.

“ಅತ್ತಿಗೆ! ನೀವು ಹೇಳ್ತಿದ್ದುದೇ ಸರಿ ಕಣ್ರೀ! ಅಣ್ಣ ಸುಮ್ಮಸುಮ್ಮನೆ ಇಷ್ಟು ವರ್ಸ...”

“ಮೆಲ್ಲಗೆ ಮಾತಾಡಪ್ಪ” ಎಂದಳು ಶಿವನಂಜಮ್ಮ. ಮೇಣ ಹತ್ತಿದ್ದ ಎರಡೂ ಅಂಗೈಗಳಿಂದ ಗಂಡನ ಕಿವಿ ಮುಚ್ಚಿದಳು.